ನೀಲಗಿರಿ ಕಿತ್ತರೆ ಬೋರಿಗೆ ನೀರು ಬರುತ್ತದೆಯೇ?

ಓದುಗರ ಪ್ರಶ್ನೆ: ನಮ್ಮದು ಮುಳಬಾಗಿಲು ತಾಲ್ಲೂಕಿನ ಒಂದು ಹಳ್ಳಿ. ಅಪ್ಪ ತೀರಿಕೊಂಡ ಮೇಲೆ ಏಳು ಎಕರೆ ಜಮೀನನ್ನು ಅಮ್ಮನೂ ನಾನೂ ನೋಡಿಕೊಳ್ಳುತ್ತಿದ್ದೇವೆ. ದಿಣ್ಣೆಯ ಮೇಲೆ ಮೂರು ಎಕರೆ ನೀಲಗಿರಿ, ಅಪ್ಪ ಹಾಕಿದ್ದು. ಇದುವರೆಗೆ ನಾಲ್ಕು ಸಲ ಕಡಿದು ಮಾರಿದ್ದೇವೆ. ಅದರ ಕೆಳಗೆ ಎರಡೂವರೆ ಎಕರೆ ರಾಗಿ ಹೊಲ. ಕೆರೆ ಕಡೆಗೆ ಒಂದೂವರೆ ಎಕರೆಯಲ್ಲಿ ಬೋರ್ ಇದೆ, ಟೊಮೆಟೊ ಬೆಳೆಯುತ್ತೇವೆ. ಬೋರ್ 1,150 ಅಡಿ, ಬೇಸಿಗೆಯಲ್ಲಿ ನಿಂತು ನಿಂತು ಬರುತ್ತದೆ. ನೀಲಗಿರಿ ಕಿತ್ತರೆ ನೀರು ವಾಪಸ್ ಬರುತ್ತದೆ ಎಂದು ಊರಿನವರು ಹೇಳುತ್ತಾರೆ. ಬೆಂಗಳೂರಿನಲ್ಲಿರುವ ತಮ್ಮ, ಮರ ಕಡಿದರೆ ಇರುವ ಮಳೆಯೂ ಹೋಗುತ್ತದೆ, ಬೇಡ ಎನ್ನುತ್ತಾನೆ. ಈ ನಡುವೆ ಸೋಲಾರ್‌ನವರು ಏಳು ಎಕರೆಯನ್ನೂ ಗುತ್ತಿಗೆಗೆ ಕೇಳುತ್ತಿದ್ದಾರೆ, ಪಕ್ಕದ ಜಮೀನು ಲೇಔಟ್ ಆಗುತ್ತಿದೆ. ಊರ ಗೋಮಾಳ ಹಂಚಿ ಹೋದ ಮೇಲೆ ಕೆರೆ ಮಳೆಯಲ್ಲಿ ತುಂಬಿದ್ದೇ ಕಡಿಮೆ. ನಾವು ಏನು ಮಾಡಿದರೆ ನಮಗೂ ಊರಿಗೂ ಒಳ್ಳೆಯದು?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಬಹಳ ಇಷ್ಟವಾದದ್ದು, ಜಮೀನು ಇಳಿಜಾರಿನಲ್ಲಿ ಎಲ್ಲೆಲ್ಲಿದೆ ಎಂದು ನೀವೇ ಹೇಳಿರುವುದು. ದಿಣ್ಣೆಯ ಮೇಲೆ, ಅದರ ಕೆಳಗೆ, ಕೆರೆ ಕಡೆಗೆ. ಜಲಾನಯನ ಕೆಲಸದಲ್ಲಿ ಕೋಲಾರ, ಚಿಕ್ಕಬಳ್ಳಾಪುರದ ಹಳ್ಳಿಗಳನ್ನು ಸುತ್ತಿದಷ್ಟು ವರ್ಷವೂ ನಾನು ರೈತರನ್ನು ಮೊದಲು ಕೇಳುತ್ತಿದ್ದುದು ಇದನ್ನೇ. ಬೆಳೆ ಯಾವುದು ಎನ್ನುವುದು ಆಮೇಲಿನ ಮಾತು. ಒಂದೇ ಬೆಳೆ ದಿಣ್ಣೆಯ ಮೇಲಿದ್ದಾಗ ಮಾಡುವ ಕೆಲಸ ಬೇರೆ, ತಗ್ಗಿನಲ್ಲಿದ್ದಾಗ ಮಾಡುವ ಕೆಲಸ ಬೇರೆ.

ಮೊದಲು ನೀಲಗಿರಿಯ ವಿಷಯ. ಅದು 1,150 ಅಡಿಗೆ ಬೇರು ಬಿಟ್ಟು ನಿಮ್ಮ ಬೋರಿನ ನೀರನ್ನು ನೇರವಾಗಿ ಹೀರುತ್ತಿದೆ ಎನ್ನುವುದು ನಿಜವಲ್ಲ. ಆದರೆ ಅದು ನೀರಿಗೆ ತೊಂದರೆ ಕೊಡುತ್ತದೆ ಎಂಬ ಊರಿನವರ ಅನುಭವ ನಿಜ. 1990ರ ಸುಮಾರಿಗೆ ನಮ್ಮ ಪಕ್ಕದ ಹೊಸಕೋಟೆ ಬಳಿ ರೈತರ ಜಮೀನಿನ ನೀಲಗಿರಿಯನ್ನು ವಿಜ್ಞಾನಿಗಳು ವರ್ಷಗಟ್ಟಲೆ ಅಳೆದರು. ಆ ವರ್ಷಗಳಲ್ಲಿ ಅಲ್ಲಿ ಬಿದ್ದ ಮಳೆಗಿಂತ ಹೆಚ್ಚು ನೀರನ್ನು ಮರಗಳು ಬಳಸಿದ್ದವು. ಹೆಚ್ಚಿನದು ಎಲ್ಲಿಂದ ಬಂತು? ಮಣ್ಣಿನಲ್ಲಿ ಏಳೆಂಟು ಮೀಟರ್ ಆಳದವರೆಗೆ ಹಿಂದಿನ ಕಾಲದಿಂದ ಉಳಿದಿದ್ದ ತೇವದಿಂದ. ನಾಟಿ ಮಾಡಿದ ಎರಡು ಮೂರು ವರ್ಷಗಳಲ್ಲೇ ಬೇರು ಅಷ್ಟು ಆಳ ಇಳಿದಿತ್ತು.

ಮೇಲಿನ ಮಣ್ಣು ಸ್ಪಂಜಿನಂತೆ. ಅದು ನೆಂದು ತುಂಬಿದ ಮೇಲೆ ಉಳಿದ ನೀರು ಬಂಡೆಯ ಬಿರುಕಿಗೆ ಇಳಿಯುತ್ತದೆ. ನೀಲಗಿರಿ ಆ ಸ್ಪಂಜನ್ನು ಪ್ರತಿ ವರ್ಷ ಹಿಂಡಿ ಒಣಗಿಸಿಡುತ್ತದೆ. ಮಳೆ ಬಿದ್ದರೆ ಮೊದಲು ಸ್ಪಂಜು ನೆನೆಯಬೇಕು, ಅದು ನೆನೆಯುವಷ್ಟರಲ್ಲಿ ನಮ್ಮ ಮಳೆಗಾಲ ಮುಗಿದಿರುತ್ತದೆ. ಬೋರಿನ ನೀರನ್ನು ಅದು ಕುಡಿಯುತ್ತಿಲ್ಲ, ಬೋರಿಗೆ ಹೋಗಬೇಕಾದ ನೀರನ್ನು ದಾರಿಯಲ್ಲೇ ಮುಗಿಸುತ್ತಿದೆ.

ಹಾಗಾಗಿ ಇಂದು ಕಿತ್ತರೆ ಬರುವ ಬೇಸಿಗೆಗೆ ಬೋರ್ ತುಂಬುವುದಿಲ್ಲ. ಮೊದಲು ಮಣ್ಣಿನ ಸಾಲ ತೀರಬೇಕು. ಅದಕ್ಕೆ ಒಳ್ಳೆಯ ಮಳೆಯ ಕೆಲವು ವರ್ಷಗಳೇ ಬೇಕು. ಕಿತ್ತ ಜಾಗವನ್ನು ಬೋಳು ಬಿಟ್ಟರೆ ಅದೂ ಆಗದು. ಕೆಂಪು ಮಣ್ಣಿನ ಮೇಲೆ ಹನಿ ಬಡಿದು ಬಡಿದು ಗಟ್ಟಿ ಪದರ ಕೂಡುತ್ತದೆ, ನೀರು ಮಣ್ಣನ್ನೂ ಎಳೆದುಕೊಂಡು ಹರಿದುಹೋಗುತ್ತದೆ.

ಇದೇ ಅಧ್ಯಯನಗಳಲ್ಲಿ ಇನ್ನೊಂದು ಸಂಗತಿಯೂ ಇತ್ತು, ಅದನ್ನು ಯಾರೂ ಹೇಳುವುದಿಲ್ಲ. ನಮ್ಮಂಥ ಒಣ ಸೀಮೆಯ ಸ್ವಾಭಾವಿಕ ಕಾಡೂ ಬಿದ್ದ ಮಳೆಯನ್ನು ಹೆಚ್ಚು ಕಡಿಮೆ ಪೂರ್ತಿ ಬಳಸಿಕೊಳ್ಳುತ್ತದೆ. ರಾಗಿ ಬಳಸುವುದು ಅದರ ಸುಮಾರು ಅರ್ಧ. ನೀಲಗಿರಿ ಕಿತ್ತು ಅಷ್ಟೇ ಒತ್ತಾಗಿ ಹೆಬ್ಬೇವು ಹಾಕಿದ ಹಲವರನ್ನು ನೋಡಿದ್ದೇನೆ. ಮರದ ಹೆಸರು ಬದಲಾಯಿತು, ನೀರಿನ ಲೆಕ್ಕದಲ್ಲಿ ಹೇಳಿಕೊಳ್ಳುವಂಥ ಲಾಭ ಬರಲಿಲ್ಲ. ಎಕರೆಗೆ ಎಷ್ಟು ಮರ ಎನ್ನುವುದೂ ಯಾವ ಮರ ಎನ್ನುವಷ್ಟೇ ಮುಖ್ಯ.

ನೀಲಗಿರಿ ಈ ಸೀಮೆಗೆ ಹೊಸಬನಲ್ಲ. ಟಿಪ್ಪು ಕಾಲದಲ್ಲಿ ನಂದಿಬೆಟ್ಟದ ಮೇಲೆ ನೆಟ್ಟ ಗಿಡಗಳಿಂದಲೇ ಅದು ನಮ್ಮ ಕಡೆ ಬಂತು. ಅಲ್ಲಿಂದ ಹರಡಿದ ತಳಿಗೆ ಇವತ್ತಿಗೂ ಮೈಸೂರು ಗಮ್ ಎಂಬ ಹೆಸರಿದೆ. ತೊಂದರೆ ಶುರುವಾದದ್ದು 1980ರ ದಶಕದಲ್ಲಿ, ಸಾಮಾಜಿಕ ಅರಣ್ಯದ ಹೆಸರಿನಲ್ಲಿ ರಾಗಿ ಹೊಲಗಳಿಗೇ ಅದು ಇಳಿದಾಗ. 1983ರಲ್ಲಿ ತುಮಕೂರು ಜಿಲ್ಲೆಯ ಹಳ್ಳಿಗರು ನರ್ಸರಿಗೆ ನುಗ್ಗಿ ನೀಲಗಿರಿ ಸಸಿ ಕಿತ್ತು, ಹುಣಸೆ ಮತ್ತು ಮಾವಿನ ಬೀಜ ಹಾಕಿ ಬಂದರು. ಸರ್ಕಾರ ರಾಜ್ಯದಲ್ಲಿ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿದ್ದು 2017ರಲ್ಲಿ. ಹಾಗೆಂದು ನಿಮ್ಮ ತಂದೆಯವರನ್ನು ಯಾರೂ ದೂರುವಂತಿಲ್ಲ. ಮಳೆ ಕೈಕೊಟ್ಟರೂ ಸಾಯದ, ಕೂಲಿ ಬೇಡದ, ಐದಾರು ವರ್ಷಕ್ಕೊಮ್ಮೆ ಮದುವೆಗೋ ಆಸ್ಪತ್ರೆಗೋ ಇಡಿಗಂಟು ಕೊಡುವ ಬೆಳೆ ಅದು. ಸರ್ಕಾರವೇ ಸಸಿ ಹಂಚಿದ ಕಾಲದಲ್ಲಿ ಹಾಕಿದವರು ಬುದ್ಧಿವಂತಿಕೆಯಿಂದಲೇ ಹಾಕಿದರು.

ಇನ್ನು ನಿಮ್ಮ ತಮ್ಮನ ಮಾತು. ದೊಡ್ಡ ಕಾಡುಗಳಿಗೂ ಮಳೆಗೂ ಸಂಬಂಧವಿದೆ. ಆದರೆ ಮೂರು ಎಕರೆ ತೋಪು ಮುಳಬಾಗಿಲಿಗೆ ಮಳೆ ತರುವುದೂ ಇಲ್ಲ, ಕಳೆಯುವುದೂ ಇಲ್ಲ. ನಾವು ಪಶ್ಚಿಮ ಘಟ್ಟದ ಮಳೆ ನೆರಳಿನಲ್ಲಿದ್ದೇವೆ. ನಮ್ಮ ಕೆರೆ ತುಂಬಿಸುವುದು ಹಸ್ತ, ಚಿತ್ತೆ, ಸ್ವಾತಿ ಮಳೆಗಳು, ಜತೆಗೆ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ. ತಮ್ಮನ ಕಾಳಜಿ ತಪ್ಪಲ್ಲ, ಅದನ್ನು ಬೇರೆ ಕಡೆ ತಿರುಗಿಸಬೇಕು. ಬರುವ ಮಳೆ ಎಷ್ಟು ಎನ್ನುವುದು ನಮ್ಮ ಕೈಯಲ್ಲಿಲ್ಲ, ಬಿದ್ದ ಮೇಲೆ ಅದು ಎಲ್ಲಿಗೆ ಹೋಗುತ್ತದೆ ಎನ್ನುವುದು ಬಹುಮಟ್ಟಿಗೆ ನಮ್ಮ ಕೈಯಲ್ಲಿದೆ.

ಒಂದು ಲೆಕ್ಕ ಹಾಕೋಣ. ಒಂದು ಅಂಗುಲ ಮಳೆ ಎಂದರೆ ಎಕರೆಗೆ ಸುಮಾರು ಒಂದು ಲಕ್ಷ ಲೀಟರ್ ನೀರು. ನಮ್ಮ ಕಡೆ ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ, ಅಂದರೆ ಎಕರೆಗೆ 28 ಲಕ್ಷ ಲೀಟರ್. ಕೆಳಗಿರುವುದು ಗಟ್ಟಿ ಬಂಡೆ. ಇಂಥ ಕಡೆ ಅಂತರ್ಜಲಕ್ಕೆ ಇಳಿಯುವುದು ಮಳೆಯ ನೂರರಲ್ಲಿ ಐದರಿಂದ ಹತ್ತು ಭಾಗ. ಏಳು ಭಾಗ ಎಂದುಕೊಂಡರೆ ಎಕರೆಗೆ ಎರಡು ಲಕ್ಷ ಲೀಟರ್. ನಿಮ್ಮ ಏಳು ಎಕರೆಯೂ ಚೆನ್ನಾಗಿ ಇಂಗಿಸಿದರೆ ವರ್ಷಕ್ಕೆ 14 ಲಕ್ಷ ಲೀಟರ್. ಬೇಸಿಗೆಯ ಟೊಮೆಟೊಗೆ ಡ್ರಿಪ್ ಹಾಕಿದರೂ ಎಕರೆಗೆ 16ರಿಂದ 20 ಲಕ್ಷ ಲೀಟರ್ ಬೇಕು. ನಿಮ್ಮ ಒಂದೂವರೆ ಎಕರೆಗೆ ಒಂದು ಬೆಳೆಗೇ 25 ಲಕ್ಷ ಲೀಟರ್ ಸಮೀಪ.

ಈ ಲೆಕ್ಕವನ್ನು ಅಮ್ಮನ ಜತೆ ಕೂತು ಇನ್ನೊಮ್ಮೆ ನೋಡಿ. ನಿಮ್ಮ ಟೊಮೆಟೊ ಕುಡಿಯುತ್ತಿರುವ ನೀರು ನಿಮ್ಮ ಜಮೀನಿನಲ್ಲಿ ಬಿದ್ದದ್ದಷ್ಟೇ ಅಲ್ಲ. ಪಕ್ಕದವರ ಹೊಲದಲ್ಲಿ, ಕೆರೆಯಲ್ಲಿ, ಗೋಮಾಳದಲ್ಲಿ ಇಂಗಿದ ನೀರೂ ಅದರಲ್ಲಿದೆ. ಬಹಳ ವರ್ಷಗಳ ಹಿಂದೆ ಇಂಗಿ ಉಳಿದದ್ದೂ ಇದೆ. ಆ ಹಳೆಯ ಉಳಿತಾಯ ಮುಗಿಯುತ್ತ ಬಂದಿರುವುದರಿಂದಲೇ ಬೋರುಗಳು ಸಾವಿರ ಅಡಿ ದಾಟಿವೆ, ಹಲವು ಕಡೆ ಫ್ಲೋರೈಡ್ ಕಾಣಿಸಿಕೊಂಡಿದೆ. ನೀಲಗಿರಿ ಕಿತ್ತು ಮೂರು ಎಕರೆಯಿಂದ ಸಿಗಬಹುದಾದದ್ದು ಆರು ಲಕ್ಷ ಲೀಟರ್. ಟೊಮೆಟೊ ಅರ್ಧ ಎಕರೆ ಕಡಿಮೆ ಮಾಡಿದರೆ ಉಳಿಯುವುದು ಎಂಟರಿಂದ ಹತ್ತು ಲಕ್ಷ. ಎಲ್ಲ ತಪ್ಪನ್ನೂ ನೀಲಗಿರಿಯ ಮೇಲೆ ಹಾಕಿ ಪಂಪನ್ನು ಮರೆಯುವುದು ನಮ್ಮ ಜಿಲ್ಲೆಯ ದೊಡ್ಡ ತಪ್ಪುಕಲ್ಪನೆ ಎಂದು ನಾನು ತಿಳಿದಿದ್ದೇನೆ.

ಪರಿಸರ ಸೇವೆ, ಪರಿಸರ ಭದ್ರತೆ ಎಂಬ ಮಾತುಗಳನ್ನು ನೀವು ಸಭೆಗಳಲ್ಲಿ ಕೇಳಿರಬಹುದು. ಜಮೀನು ಯಾರಿಗೂ ಬಿಲ್ ಕಳಿಸದೆ ಮಾಡಿಕೊಡುವ ಕೆಲಸಗಳೇ ಪರಿಸರ ಸೇವೆ. ನೀರು ಇಂಗಿಸುವುದು ಒಂದು. ರಾಗಿ ಹೊಲ ಕಾಳಿನ ಜತೆಗೆ ಹುಲ್ಲು ಕೊಡುವುದು ಇನ್ನೊಂದು. ಅಕ್ಕಡಿ ಸಾಲಿನ, ಅಂದರೆ ರಾಗಿಯ ನಡುನಡುವೆ ಸಾಲಾಗಿ ಹಾಕುವ ಬೆಳೆಯ, ಹುಚ್ಚೆಳ್ಳು ಹೂ ಬಿಟ್ಟಾಗ ಜೇನು ಬರುತ್ತದೆ. ಅವರೆ, ಅಲಸಂದೆ, ತೊಗರಿ ಮಣ್ಣಿಗೆ ಸಾರಜನಕ ಸೇರಿಸುತ್ತವೆ. (ನ್ಯಾಯವಾಗಿ ಹೇಳಬೇಕೆಂದರೆ ನೀಲಗಿರಿ ಹೂವಿಗೂ ಜೇನು ಚೆನ್ನಾಗಿ ಬರುತ್ತದೆ.) ಎರಡು ವರ್ಷ ಸತತ ಮಳೆ ಹೋದರೂ ದನ ಮಾರದೆ, ಊರು ಬಿಡದೆ, ಟ್ಯಾಂಕರ್ ಕಾಯದೆ ಒಂದು ಹಳ್ಳಿ ಉಳಿಯಬಲ್ಲದೇ ಎನ್ನುವುದೇ ಪರಿಸರ ಭದ್ರತೆ. ಕೋಲಾರದಲ್ಲಿ ವಾರದ ಖರ್ಚು ನಡೆಯುವುದು ಡೇರಿ ಹಾಲಿನಿಂದ, ಹಾಲು ಬರುವುದು ಬಹುಪಾಲು ರಾಗಿ ಹುಲ್ಲಿನಿಂದ ಮತ್ತು ಬಯಲು ಮೇವಿನಿಂದ. ರಾಗಿ ಹೊಲವೆಲ್ಲ ಟೊಮೆಟೊ ಆದ ಊರುಗಳಲ್ಲಿ ಹುಲ್ಲನ್ನು ದುಡ್ಡು ಕೊಟ್ಟು ತರುತ್ತಾರೆ. ಟೊಮೆಟೊ ಬೆಲೆ ಬಿದ್ದ ವರ್ಷ ಹಣ್ಣು ರಸ್ತೆ ಬದಿಗೆ ಸುರಿದು, ಹಸುವನ್ನೂ ಮಾರಿದ ಮನೆಗಳನ್ನು ನಾನು ಕಂಡಿದ್ದೇನೆ.

ಗೋಮಾಳದ ಮಾತು ಎತ್ತಿದ್ದೀರಿ. ನೂರು ದನಗಳಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಮೇವಿನ ಜಾಗ ಕಾಯ್ದಿಡಬೇಕು ಎಂದು ಕರ್ನಾಟಕದ ಭೂಕಂದಾಯ ನಿಯಮವೇ ಹೇಳುತ್ತದೆ. ಕಾಗದದಲ್ಲಿ ಬೀಳು, ಖರಾಬು ಎಂದು ಕರೆದದ್ದರಿಂದ ಅದು ಕೆಲಸಕ್ಕೆ ಬಾರದ ನೆಲ ಎಂಬ ಭಾವನೆ ಬಂತು. ಹಾಗಲ್ಲ ಎನ್ನುವುದಕ್ಕೆ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಗೆ ಹೋಗಿ ನೋಡಬೇಕು. ಅಲ್ಲಿಯ ಹುಲ್ಲುಗಾವಲು ಮರವಿಲ್ಲದೆಯೇ ಜೀವಂತ ಕಾಡು. ಜಯಮಂಗಲಿ ಕೃಷ್ಣಮೃಗ ಧಾಮ ಇರುವುದು ಅಲ್ಲೇ. ಊರಿನ ಲೆಕ್ಕದಲ್ಲಿ ನೋಡಿದರೆ ಗೋಮಾಳ ಸಾಮಾನ್ಯವಾಗಿ ಕೆರೆಯ ತಲೆಯ ಮೇಲೆಯೇ ಇರುತ್ತದೆ. ಹುಲ್ಲು, ತಂಗಡಿ, ಕಾರೆ ಬೆಳೆದ ಆ ನೆಲ ಮಳೆಯನ್ನು ತಡೆದು ತಡೆದು, ಮಣ್ಣು ಕಲಕದೆ ಕಾಲುವೆಗೆ ಬಿಡುತ್ತಿತ್ತು. ಅದನ್ನು ತುಂಡು ತುಂಡಾಗಿ ಹಂಚಿ, ಉತ್ತು, ಬೇಲಿ ಹಾಕಿದ ಮೇಲೆ ಕಾಲುವೆ ಹಲವು ಕಡೆ ತುಂಡಾಗುತ್ತದೆ, ಉಳಿದ ಕಾಲುವೆಯಲ್ಲಿ ಹೂಳು ಬರುತ್ತದೆ.

ಚಿಕ್ಕಬಳ್ಳಾಪುರ ಜಿಲ್ಲೆಯ ಒಂದು ಊರಿನಲ್ಲಿ ನಾವೇ ನಿಂತು ಕೆರೆ ಹೂಳು ತೆಗೆಸಿದೆವು. ಗೋಡು ಮಣ್ಣನ್ನು ರೈತರು ಸಂತೋಷದಿಂದ ಹೊಲಕ್ಕೆ ಹೊಡೆದುಕೊಂಡರು. ಎರಡು ಮಳೆಗಾಲ ಕಳೆದರೂ ಕೆರೆಗೆ ನೀರು ಬರಲಿಲ್ಲ. ಆಮೇಲೆ ಒಂದು ದಿನ ಜೋರು ಮಳೆಯಲ್ಲೇ ಕಾಲುವೆ ಹಿಡಿದು ಮೇಲಕ್ಕೆ ನಡೆದೆ. ಅರ್ಧ ಕಿಲೋಮೀಟರಿನಲ್ಲಿ ಕಾಲುವೆಯೇ ಇರಲಿಲ್ಲ. ಯಾರದೋ ಬದು ಅದನ್ನು ರಸ್ತೆಗೆ ತಿರುಗಿಸಿತ್ತು, ನೀರು ಮೋರಿಯಿಂದ ಬೇರೆ ಹಳ್ಳಕ್ಕೆ ಹೋಗುತ್ತಿತ್ತು. ಆ ನಡಿಗೆಯನ್ನು ಹೂಳೆತ್ತುವ ಮೊದಲೇ ಮಾಡಬೇಕಿತ್ತು. ನನ್ನ ತಪ್ಪಿನಿಂದ ಕಲಿತ ಪಾಠವೆಂದೇ ನಿಮಗೆ ಹೇಳುತ್ತಿದ್ದೇನೆ.

2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರು ಸಂಸ್ಕರಣೆಯಾಗಿ ನಮ್ಮ ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ. ಅದು ಬಂದ ಊರುಗಳಲ್ಲಿ ಬೋರುಗಳು ಚೇತರಿಸಿಕೊಂಡದ್ದನ್ನು ನೋಡಿದ್ದೇನೆ. ಇನ್ನೂ ಒಂದು ಹಂತ ಸಂಸ್ಕರಿಸಿ ಕೊಡಿ ಎಂಬ ಜನರ ಬೇಡಿಕೆಯೂ ನ್ಯಾಯವಾದದ್ದೇ. ಆದರೆ ಪೈಪಿನಲ್ಲಿ ನೀರು ಬರತೊಡಗಿದ ಮೇಲೆ ಎಷ್ಟೋ ಕಡೆ ಕೆರೆಗೆ ಮಳೆನೀರು ತರುವ ರಾಜಕಾಲುವೆಯನ್ನು ಕೇಳುವವರೇ ಇಲ್ಲವಾದರು. ಬೆಂಗಳೂರಿನ ಪಂಪ್ ನಿಂತ ದಿನ ಕೆರೆಗೆ ಉಳಿಯುವುದು ಅದರ ಜಲಾನಯನ ಪ್ರದೇಶ ಮಾತ್ರ. ಅದರಲ್ಲಿ ನಿಮ್ಮ ಮೂರು ಎಕರೆ ದಿಣ್ಣೆಯೂ ಸೇರಿದೆ.

ಈಗ ನಿಮ್ಮ ಮುಂದಿರುವ ದಾರಿಗಳು.

ಲೇಔಟ್ ವಿಷಯ ಬೇಗ ಮುಗಿಸುತ್ತೇನೆ. ಭೂಸುಧಾರಣಾ ಕಾಯ್ದೆಗೆ 2020ರಲ್ಲಿ ತಿದ್ದುಪಡಿ ಆದ ಮೇಲೆ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು, ಆದ್ದರಿಂದ ಕೇಳುವವರು ಇನ್ನೂ ಬರುತ್ತಾರೆ. ಸಿಗುವ ಹಣ ದೊಡ್ಡದು. ಆದರೆ ಉಳಿದ ಎಲ್ಲ ಬದಲಾವಣೆಗಳನ್ನೂ ಹಿಂದಕ್ಕೆ ತರಬಹುದು, ಇದೊಂದನ್ನು ತರಲಾಗದು. ಪಕ್ಕದ ಲೇಔಟ್ ಬಗ್ಗೆ ನೀವು ತುರ್ತಾಗಿ ಮಾಡಬೇಕಾದ ಕೆಲಸವೊಂದಿದೆ. ಭೂಮಾಪನ ಇಲಾಖೆಯಿಂದ ಗ್ರಾಮ ನಕಾಶೆ ತೆಗೆಸಿ, ಆ ಸರ್ವೆ ನಂಬರಿನ ಪಹಣಿಯಲ್ಲಿ 'ಬಿ' ಖರಾಬು ಇದೆಯೇ ನೋಡಿ. ಕಾಲುವೆ, ಹಳ್ಳ, ಬಂಡಿದಾರಿ ಅದರಲ್ಲಿ ಬರುತ್ತವೆ, ಅದು ಸಾರ್ವಜನಿಕ ಆಸ್ತಿ. ಅದನ್ನು ಮುಚ್ಚುತ್ತಿದ್ದರೆ ಪಂಚಾಯಿತಿಗೂ ತಹಶೀಲ್ದಾರರಿಗೂ ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. ಮನೆ ಎದ್ದ ಮೇಲೆ ಕೊಡುವ ಅರ್ಜಿಗೆ ಬಲವಿಲ್ಲ.

ಸೋಲಾರ್ ಬಗ್ಗೆ ಯೋಚಿಸುವುದು ಹೆಚ್ಚಿದೆ. ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಪಾರ್ಕ್ ಬಂತು. ಜಮೀನು ರೈತರ ಹೆಸರಿನಲ್ಲೇ ಉಳಿದು, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಗುತ್ತಿಗೆ ಶುರುವಾಯಿತು. ಬರದ ಸೀಮೆಯಲ್ಲಿ ಅದು ಸಣ್ಣ ನೆಮ್ಮದಿಯಲ್ಲ, ಮತ್ತು ಪ್ಯಾನೆಲ್ ತೊಳೆಯುವ ನೀರು ಟೊಮೆಟೊ ನೀರಿನ ಮುಂದೆ ಏನೂ ಅಲ್ಲ. ಆದರೆ ಬಾಡಿಗೆ ಪಹಣಿ ಇದ್ದವರಿಗೆ ಬಂತು. ಅದೇ ಹೊಲದಲ್ಲಿ ಕೂಲಿ ಮಾಡುತ್ತಿದ್ದವರಿಗೆ, ಕೊಯ್ಲಾದ ಕೂಳೆ ಹೊಲದಲ್ಲಿ ಕುರಿ ಮೇಯಿಸುತ್ತಿದ್ದವರಿಗೆ ಬರಲಿಲ್ಲ. ಒಪ್ಪುವುದಾದರೆ ಏಳೂ ಎಕರೆಗೆ ಒಪ್ಪಬೇಡಿ. ದಿಣ್ಣೆಯ ಮೂರು ಎಕರೆಗಷ್ಟೇ ಮಾತಾಡಿ, ಕರಾರಿನಲ್ಲಿ ಇವು ಇರಲಿ: ನೆಲವನ್ನು ಸಮತಟ್ಟು ಮಾಡಕೂಡದು, ಬದು ಒಡೆಯಕೂಡದು, ಪ್ಯಾನೆಲ್ ಕೆಳಗೆ ಕಳೆನಾಶಕ ಹೊಡೆಯದೆ ಹುಲ್ಲು ಬಿಡಬೇಕು, ಕುರಿಗೆ ದಾರಿ ಇರಬೇಕು, ಪ್ಯಾನೆಲ್ ಅಂಚಿನಿಂದ ಸುರಿಯುವ ನೀರಿಗೆ ಇಂಗುಗುಂಡಿ ಇರಬೇಕು, ಅವಧಿ ಮುಗಿದಾಗ ಕಾಂಕ್ರೀಟ್ ತೆಗೆದು ಕೊಡುವ ಖರ್ಚು ಅವರದು. ಅವರು ಮೂರು ಎಕರೆ ಸಾಲದು ಎನ್ನಬಹುದು. ಕಾಲು ಶತಮಾನದಷ್ಟು ಉದ್ದದ ಕರಾರಿಗೆ ಸಹಿ ಹಾಕುವ ಮೊದಲು ಒಬ್ಬ ವಕೀಲರಿಗೆ ತೋರಿಸಲೇಬೇಕು.

ನೀಲಗಿರಿಯನ್ನು ಹಾಗೇ ಬಿಡುವುದೂ ಒಂದು ದಾರಿಯೇ. ಖರ್ಚಿಲ್ಲ. ಆದರೆ ನಾಲ್ಕು ಕೊಯ್ಲಾದ ಬೊಡ್ಡೆಗಳ ಚಿಗುರು ವರ್ಷ ವರ್ಷಕ್ಕೆ ಸೊರಗುತ್ತದೆ, ಹೊಸದಾಗಿ ನೆಡುವಂತಿಲ್ಲ. ಕೀಳುವುದು ಹೇಗೂ ಬರುವ ಖರ್ಚು.

ನನ್ನನ್ನು ಕೇಳಿದರೆ ನೀಲಗಿರಿ ಕೀಳಿ, ಆದರೆ ಮೂರು ಎಕರೆಯನ್ನೂ ಒಂದೇ ವರ್ಷ ಕೀಳಬೇಡಿ. ಮೊದಲು ರಾಗಿ ಹೊಲಕ್ಕೆ ತಾಗಿದ ಕೆಳಗಿನ ಒಂದೂವರೆ ಎಕರೆ ಕಡಿದು ಮಾರಿ, ಆ ಹಣದಲ್ಲೇ ಜೆಸಿಬಿಯಿಂದ ಬೊಡ್ಡೆ ತೆಗೆಸಿ. ಬೊಡ್ಡೆ ಉಳಿಸಿ ಉತ್ತರೆ ಮತ್ತೆ ಚಿಗುರುತ್ತದೆ. ಬೇಸಿಗೆಯಲ್ಲೇ ಇಳಿಜಾರಿಗೆ ಅಡ್ಡ ಬದು ಹಾಕಿಸಿ, ಗ್ರಾಮ ಪಂಚಾಯಿತಿಯ ಉದ್ಯೋಗ ಖಾತ್ರಿ ಕೆಲಸದಲ್ಲಿ ಸಿಗುತ್ತದೆಯೇ ವಿಚಾರಿಸಿ. ಮೊದಲ ವರ್ಷ ಹುರುಳಿ ಅಥವಾ ಅಲಸಂದೆ ಚೆಲ್ಲಿ, ಒಣಗಿದ ಮಣ್ಣಿನಲ್ಲಿ ರಾಗಿಯಿಂದ ಇಳುವರಿ ನಿರೀಕ್ಷಿಸಬೇಡಿ. ಎರಡನೇ ವರ್ಷದಿಂದ ಅಕ್ಕಡಿ ಸಾಲಿನ ರಾಗಿ. ಬದುವಿನ ಮೇಲೆ ದೂರ ದೂರಕ್ಕೆ ಹುಣಸೆ, ಹೊಂಗೆ, ಸೀತಾಫಲ, ಎಕರೆಗೆ ಹತ್ತು ಹದಿನೈದು ಮರ ಸಾಕು. ತಮ್ಮನಿಗೂ ಸಮಾಧಾನವಾದೀತು. ಹುಣಸೆ ದುಡ್ಡು ಕೊಡಲು ಏಳೆಂಟು ವರ್ಷ ಬೇಕು, ಸೀತಾಫಲ ಮೂರು ನಾಲ್ಕು ವರ್ಷಕ್ಕೆ ಕೈಗೆ ಬರುತ್ತದೆ. ನಡುವಿನ ವರ್ಷಗಳ ಕೊರತೆಯೇ ಈ ದಾರಿಯ ನಿಜವಾದ ಅಪಾಯ. ಮೇಲಿನ ಒಂದೂವರೆ ಎಕರೆ ನೀಲಗಿರಿಯನ್ನು ಉಳಿಸಿಕೊಳ್ಳಿ ಎನ್ನುತ್ತಿರುವುದು ಅದಕ್ಕಾಗಿಯೇ. ಅದು ಮುಂದಿನ ಕೊಯ್ಲಿನವರೆಗೆ ನಿಮ್ಮ ಆಪತ್ತಿನ ಗಂಟು.

ಟೊಮೆಟೊವನ್ನು ಒಂದು ಎಕರೆಗೆ ಇಳಿಸಿ, ಬೇಸಿಗೆ ಬೆಳೆ ಬಿಟ್ಟು ಮಳೆಗಾಲದ ಬೆಳೆಯನ್ನೇ ಹಿಡಿಯಿರಿ. ಆಗ ಮಳೆಯೇ ಒಂದಷ್ಟು ನೀರು ಕೊಡುತ್ತದೆ. ಬೇಸಿಗೆಯ ಬೆಲೆ ತಪ್ಪುತ್ತದೆ ಎಂದು ಅಮ್ಮ ಹೇಳಬಹುದು, ಅದು ನಿಜ. ಆದರೆ ಇನ್ನೊಂದು ಬೋರ್ ಕೊರೆಸಿ ಅದು ಫೇಲ್ ಆದರೆ ಆಗುವ ಸಾಲವನ್ನು ಈ ನಷ್ಟದ ಪಕ್ಕದಲ್ಲಿಟ್ಟು ನೋಡಿ. ಉಳಿದ ಅರ್ಧ ಎಕರೆಯಲ್ಲಿ ಒಂದು ಕೃಷಿ ಹೊಂಡ ಮತ್ತು ಹಸುಗಳಿಗೆ ಮೇವು.

ತಾಯಿ, ಇದನ್ನೆಲ್ಲ ನನ್ನ ಮಾತಿನ ಮೇಲೆ ನಂಬಬೇಕಿಲ್ಲ. ಈ ಸಲ ಒಂದು ಹದ ಮಳೆ ಬಿದ್ದ ಮೂರನೇ ದಿನ ಗುದ್ದಲಿ ಹಿಡಿದು ಹೋಗಿ ಎರಡು ಗುಂಡಿ ತೆಗೆಯಿರಿ, ಒಂದು ನೀಲಗಿರಿಯ ನಡುವೆ, ಇನ್ನೊಂದು ರಾಗಿ ಹೊಲದಲ್ಲಿ. ತೇವ ಎಷ್ಟು ಗೇಣು ಇಳಿದಿದೆ ಎಂದು ಎರಡರಲ್ಲೂ ಅಳೆದು ಬರೆದಿಡಿ. ಹಸ್ತ ಮಳೆ ಹಿಡಿದಾಗ ಊರಿನ ನಾಲ್ಕು ಜನರನ್ನು ಕರೆದುಕೊಂಡು, ಸಾಧ್ಯವಾದರೆ ಹಿಂದೆ ಕೆರೆ ನೀರು ಬಿಡುತ್ತಿದ್ದ ನೀರುಗಂಟಿ ಮನೆಯವರನ್ನೂ ಸೇರಿಸಿಕೊಂಡು, ಕೆರೆಯಿಂದ ಕಾಲುವೆ ಹಿಡಿದು ನಿಮ್ಮ ದಿಣ್ಣೆಯವರೆಗೆ ನಡೆಯಿರಿ. ನೀರು ಎಲ್ಲಿ ದಾರಿ ತಪ್ಪುತ್ತದೆಯೋ ಅಲ್ಲಿ ನಿಂತು ಮೊಬೈಲಿನಲ್ಲಿ ಫೋಟೊ ತೆಗೆದು, ಸರ್ವೆ ನಂಬರ್ ಗುರುತು ಹಾಕಿಕೊಳ್ಳಿ. ಆ ಎರಡು ಗುಂಡಿಯ ಅಳತೆ ಮತ್ತು ಆ ಫೋಟೊಗಳನ್ನು ನನಗೆ ಕಳಿಸಿ. ಬದು ಎಲ್ಲಿ ಹಾಕಬೇಕು, ಹೊಂಡ ಎಲ್ಲಿ ತೆಗೆಯಬೇಕು ಎನ್ನುವುದನ್ನು ಆಗ ಕೂತು ಗುರುತು ಮಾಡೋಣ.